ಸುಳಿವು ಮತ್ತು ಸುಳ್ಳು

ಒಂದು ಪ್ರಶ್ನೆ ಕೇಳುತ್ತೇನೆ. ಹೇಳಿದ ಮಾತೆಲ್ಲ ನಿಜವೇ ಆಗಿದ್ದು, ಕೇಳಿದವನು ಮಾತ್ರ ಪೂರ್ತಿ ತಪ್ಪು ತಿಳಿದುಕೊಂಡರೆ, ಹೇಳಿದವನು ಸುಳ್ಳುಗಾರನೋ ಅಲ್ಲವೋ? ಶಾಸ್ತ್ರ ಓದಿದವರು ಇದಕ್ಕೆ ದೊಡ್ಡ ದೊಡ್ಡ ಉತ್ತರ ಹೇಳಿಯಾರು. ನಾನು ಎಂ.ಕಾಂ. ಮಾಡಿ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಮೊದಲು ಲೆಡ್ಜರು, ಆಮೇಲೆ ಕಂಪ್ಯೂಟರು ನೋಡಿಕೊಂಡಿದ್ದವನು. ನನಗೆ ಈ ಪ್ರಶ್ನೆ ಹತ್ತಿಸಿದ್ದು ದಿನಪತ್ರಿಕೆಯ ಮೂಲೆಯಲ್ಲಿ ಕೂತಿರುವ ಕಪ್ಪು ಬಿಳುಪಿನ ಪದಬಂಧ.

ಪದಬಂಧ ಅಂದರೆ ನಿವೃತ್ತರ ಕಾಲಕ್ಷೇಪ ಅಂತ ಜನ ತಿಳಿದಿದ್ದಾರೆ. ನನಗೆ ಈ ಚಟ ಅಂಟಿದ್ದು ಇಪ್ಪತ್ತೈದರ ವಯಸ್ಸಿನಲ್ಲೇ. 1984ರಲ್ಲಿ ಬ್ಯಾಂಕು ನನ್ನನ್ನು ಮದ್ರಾಸಿಗೆ ವರ್ಗ ಮಾಡಿತು. ಆಗ ಅದಿನ್ನೂ ಮದ್ರಾಸೇ, ಚೆನ್ನೈ ಆದದ್ದು 1996ರಲ್ಲಿ. ತಿರುವಲ್ಲಿಕ್ಕೇಣಿಯ ಒಂದು ಮ್ಯಾನ್ಷನ್ನಿನಲ್ಲಿ ರೂಮು. ತಮಿಳು ಬಾರದು, ಸಂಜೆ ಮಾತಾಡಲು ಜನ ಇಲ್ಲ. ಆದರೆ ಕಾಫಿಗೆ ಹೋದ ಹೋಟೆಲಿನಲ್ಲಿ, ಲೋಕಲ್ ರೈಲಿನಲ್ಲಿ, ನಮ್ಮ ಬ್ಯಾಂಕಿನ ಕ್ಯಾಂಟೀನಿನಲ್ಲಿ ಎಲ್ಲಿ ನೋಡಿದರೂ ‘ದಿ ಹಿಂದೂ’ ಪತ್ರಿಕೆಯನ್ನು ನಾಲ್ಕಾಗಿ ಮಡಚಿ, ಬಾಲ್‌ಪೆನ್ನು ಹಿಡಿದು, ಆಕಾಶ ನೋಡುತ್ತಾ ಕೂತ ಒಬ್ಬರಾದರೂ ಇರುತ್ತಿದ್ದರು. ಪಕ್ಕದಲ್ಲಿ ಕೂತು ನೋಡಿ ನೋಡಿ ನಾನೂ ಕಲಿತೆ. ಕನ್ನಡದ ವಾರಪತ್ರಿಕೆ ಸಿಕ್ಕ ದಿನ ಅದರ ಪದಬಂಧವೂ ಆಗುತ್ತಿತ್ತು. ಊರಿನಲ್ಲಿದ್ದಾಗ ತಿರುಗಿಯೂ ನೋಡದ ಎಷ್ಟೋ ಕನ್ನಡದ ಮಾತುಗಳು ಪರವೂರಿನಲ್ಲಿ ಆ ಚೌಕಗಳಿಂದ ಮತ್ತೆ ನನ್ನ ಕೈಗೆ ಬಂದವು.

ಈ ಆಟಕ್ಕೆ ಬಹಳ ವಯಸ್ಸಾಗಿಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿದ. ಅವನೂ ಊರು ಬಿಟ್ಟು ಬಂದವನೇ ನೋಡಿ. ಅಲ್ಲಿಂದ ಅದು ಇಂಗ್ಲೆಂಡಿಗೆ ದಾಟಿ, ನಮ್ಮ ಭಾಷೆಗಳಿಗೂ ಬಂತು. ಕನ್ನಡದಲ್ಲಿ ಅ.ನಾ. ಪ್ರಹ್ಲಾದರಾವ್ ಅವರಂಥವರು ದಶಕಗಳ ಕಾಲ ಸಾವಿರಾರು ಪದಬಂಧ ಕಟ್ಟಿಕೊಟ್ಟಿದ್ದಾರೆ.

ಭಾಷೆ ಬದಲಾದಾಗ ಲೆಕ್ಕವೂ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ತಾಯಿ ಎಂಬರ್ಥದ ‘ಮದರ್’ ಬರೆಯಲು ಆರು ಮನೆ ಬೇಕು. ನನ್ನ ತಮಿಳು ಸಹೋದ್ಯೋಗಿ ಬಿಡಿಸುತ್ತಿದ್ದ ‘ಕುರುಕ್ಕೆಳುತ್ತು’ವಿನಲ್ಲಿ ಅಮ್ಮನಿಗೆ ಮೂರು ಮನೆ. ಅ ಒಂದು, ಬರೀ ಮ್ ಒಂದು, ಮಾ ಒಂದು. ನಮ್ಮಲ್ಲಿ ಒತ್ತಕ್ಷರ ತನ್ನ ಒಡೆಯನ ಜೊತೆ ಒಂದೇ ಮನೆಯಲ್ಲಿ ಇರುವುದರಿಂದ ಎರಡೇ ಮನೆ ಸಾಕು: ಅ, ಮ್ಮ. ನಾನು ಇದನ್ನು ಹೇಳಿದಾಗ ಆತ, ‘ನಿಮ್ಮ ಅಮ್ಮ ಸಣ್ಣ ಮನೆಯಲ್ಲೂ ಹೊಂದಿಕೊಂಡು ಇರ್ತಾರೆ ಸಾರ್’ ಅಂತ ನಕ್ಕಿದ್ದ.

ಪದಬಂಧದ ಸುಳಿವುಗಳಲ್ಲಿ ಎರಡು ಜಾತಿ. ಒಂದು ನೇರ ಸುಳಿವು. ‘ಚಿನ್ನ’ ಅಂತ ಕೊಟ್ಟು ‘ಕನಕ’ ಬರೆಸುವುದು. ಕನ್ನಡದಲ್ಲಿ ಹೆಚ್ಚಾಗಿ ಇದೇ. ಇನ್ನೊಂದು ಗೂಢ ಸುಳಿವು. ಮೇಲೆ ಒಂದು ಅರ್ಥ, ಒಳಗೆ ಇನ್ನೊಂದು. ಚೆನ್ನೈಯಲ್ಲಿ ನಮ್ಮ ಕನ್ನಡದ ಗೆಳೆಯರು ಸೇರಿದಾಗ ನಾನು ಇಂಥವನ್ನು ಕನ್ನಡದಲ್ಲೂ ಕಟ್ಟಿ ಅವರ ತಲೆ ತಿನ್ನುತ್ತಿರುತ್ತೇನೆ. ಎರಡು ಮೂರು ನಿಮಗೂ ಇರಲಿ. ಕಂಸದಲ್ಲಿರುವುದು ಮನೆಗಳ ಸಂಖ್ಯೆ.

ಒಲ್ಲೆ ಎನ್ನುತ್ತಲೇ ಬೇಟೆಗೆ ಹೊರಟವನು (2). ಉತ್ತರ: ಬೇಡ.

ಮಲಗಿದವನಿಗೆ ಹೇಳುವ ಸಂಖ್ಯೆ (2). ಉತ್ತರ: ಏಳು.

ಸಮಯವನ್ನು ಹಿಂದಿನಿಂದ ನೋಡಿದರೆ ಮೊದಲು ಕಾಣುವವನು (2). ಉತ್ತರ: ಯಮ. ಸ-ಮ-ಯ ತಿರುಗಿಸಿ ಓದಿಕೊಳ್ಳಿ.

ಇಲ್ಲಿ ನಾನು ಏನು ಮಾಡಿದೆ? ‘ಒಲ್ಲೆ ಎನ್ನುತ್ತಲೇ ಬೇಟೆಗೆ ಹೊರಟವನು’ ಅಂದಾಗ ನಿಮ್ಮ ಕಣ್ಣ ಮುಂದೆ ಮನಸ್ಸಿಲ್ಲದೆ ಕಾಡಿಗೆ ಹೋಗುವ ಒಬ್ಬ ರಾಜಕುಮಾರ ಬಂದಿರಬಹುದು. ಅಂಥವನು ಇಲ್ಲವೇ ಇಲ್ಲ. ನಿಮ್ಮನ್ನು ದಾರಿ ತಪ್ಪಿಸಬೇಕೆಂದೇ ನಾನು ಆ ಮಾತು ಹೂಡಿದ್ದು. ಆದರೂ ಉತ್ತರ ತಿಳಿದ ಮೇಲೆ ನೀವು ನನ್ನನ್ನು ಮೋಸಗಾರ ಅನ್ನುವುದಿಲ್ಲ. ‘ಅಯ್ಯೋ, ಕಣ್ಣೆದುರೇ ಇತ್ತಲ್ಲ’ ಅನ್ನುತ್ತೀರಿ, ನಗುತ್ತೀರಿ. ಯಾಕೆ?

ಇಂಗ್ಲೆಂಡಿನ ಪದಬಂಧಗಾರರು ಈ ‘ಯಾಕೆ’ಯ ಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ‘ಅಬ್ಸರ್ವರ್’ ಪತ್ರಿಕೆಗೆ 1939ರಿಂದ ಪದಬಂಧ ಕಟ್ಟಿದ ಮ್ಯಾಕ್‌ನಟ್ ಎಂಬ ಶಾಲಾ ಮೇಷ್ಟ್ರು ‘ಕ್ಸಿಮೆನೀಸ್’ ಅಂತ ಅಂಕಿತ ಇಟ್ಟುಕೊಂಡಿದ್ದರು. ಅದು ಹಿಂದೆ ಸ್ಪೇನಿನಲ್ಲಿ ಜನರನ್ನು ಹಿಡಿದು ವಿಚಾರಣೆ ಮಾಡುತ್ತಿದ್ದ ಧರ್ಮಾಧಿಕಾರಿಯೊಬ್ಬನ ಹೆಸರು. ಹೆಸರು ಅಷ್ಟು ಕ್ರೂರವಾಗಿದ್ದರೂ 1966ರಲ್ಲಿ ಅವರು ಬರೆದ ಪುಸ್ತಕದ ತಿರುಳು ನ್ಯಾಯದ ಕುರಿತಾದದ್ದು. ಸುಳಿವಿನಲ್ಲಿ ಉತ್ತರದ ಖಚಿತವಾದ ಅರ್ಥ ಇರಬೇಕು, ಅದನ್ನು ತಲುಪುವ ಇನ್ನೊಂದು ಸರಿಯಾದ ದಾರಿ ಇರಬೇಕು, ಇವೆರಡು ಬಿಟ್ಟು ಬೇರೇನೂ ಇರಬಾರದು. ಅಂದರೆ ಕಟ್ಟುವವನು ಓದುಗನ ದಾರಿ ತಪ್ಪಿಸಬಹುದು. ಆದರೆ ಬಿಡಿಸಲು ಬೇಕಾದದ್ದನ್ನೆಲ್ಲ ಅದೇ ಸಾಲಿನಲ್ಲಿ ಇಟ್ಟಿರಬೇಕು.

ಇದೆಲ್ಲ ಇಂಗ್ಲಿಷರ ಬುದ್ಧಿವಂತಿಕೆ ಅಂತ ನಾವು ಬೆರಗಾಗಬೇಕಿಲ್ಲ. ನಮ್ಮ ಅಜ್ಜಿಯಂದಿರ ಒಗಟು, ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಎಲ್ಲವೂ ಮೇಲೊಂದು ಒಳಗೊಂದು ಇಟ್ಟುಕೊಂಡವೇ. ಅಲ್ಲಿಯೂ ಕೇಳುವವನಿಗೆ ತಾನು ಒಗಟಿನ ಮುಂದೆ ಕೂತಿದ್ದೇನೆ ಅನ್ನುವುದು ಗೊತ್ತಿರುತ್ತದೆ. ಇದು ಮುಖ್ಯ. ಗೊತ್ತಿದ್ದು ಒಪ್ಪಿ ಕೂತವನನ್ನು ಸುತ್ತಾಡಿಸುವುದು ಆಟ.

ಒಪ್ಪದೆ ಕೂತವನನ್ನು?

ಕುರುಕ್ಷೇತ್ರಕ್ಕೆ ಹೋಗೋಣ. ಭೀಮ ಅಶ್ವತ್ಥಾಮ ಎಂಬ ಹೆಸರಿನ ಆನೆಯನ್ನು ಕೊಂದು, ಅಶ್ವತ್ಥಾಮ ಸತ್ತ ಅಂತ ಕೂಗುತ್ತಾನೆ. ದ್ರೋಣ ನಂಬುವುದಿಲ್ಲ. ನೇರ ಧರ್ಮರಾಯನನ್ನೇ ಕೇಳುತ್ತಾನೆ. ಧರ್ಮರಾಯ ಸತ್ತದ್ದು ಅಶ್ವತ್ಥಾಮ ಎಂಬುದನ್ನು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಕೇಳಿಸದ ಹಾಗೆ ನುಂಗುತ್ತಾನೆ. ನಮ್ಮ ಕಡೆ ಕಥೆ ಹೇಳುವವರು ಅದೇ ಹೊತ್ತಿಗೆ ಕೃಷ್ಣನ ಶಂಖವನ್ನೂ ಊದಿಸುತ್ತಾರೆ. ಶಬ್ದ ಶಬ್ದ ಬಿಡಿಸಿ ನೋಡಿದರೆ ಸುಳ್ಳಿಲ್ಲ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತು. ಕೊನೆಯಲ್ಲಿ ಸ್ವರ್ಗಕ್ಕೆ ಹೋದಾಗಲೂ ಅವನಿಗೆ ಮೊದಲು ತೋರಿಸಿದ್ದು ನರಕ, ಅದೂ ಮಾಯೆಯ ನರಕ. ಕಪಟದಿಂದ ದ್ರೋಣನನ್ನು ನಂಬಿಸಿದ್ದಕ್ಕೆ ಕಪಟದ ನರಕ ಎಂಬ ಅರ್ಥದಲ್ಲಿ ಇಂದ್ರ ಲೆಕ್ಕ ಹೇಳುತ್ತಾನೆ. ವ್ಯಾಸರ ಲೆಡ್ಜರಿನಲ್ಲಿ ಜಮಾ ಖರ್ಚು ಎರಡೂ ಟ್ಯಾಲಿ ಆಗುತ್ತದೆ.

ಪದಬಂಧದ ನಿಯಮದಿಂದ ನೋಡಿದರೂ ಧರ್ಮರಾಯನ ಸುಳಿವು ನ್ಯಾಯದ್ದಲ್ಲ. ಬಿಡಿಸಲು ಬೇಕಾದ ಶಬ್ದವನ್ನೇ ಅವನು ಅಳಿಸಿಬಿಟ್ಟ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ದ್ರೋಣ ಅವನ ಹತ್ತಿರ ಒಗಟು ಬಿಡಿಸಲು ಬಂದವನಲ್ಲ. ಎರಡೂ ಸೈನ್ಯದಲ್ಲಿ ಒಗಟು ಹಾಕದ ಒಬ್ಬನೇ ಮನುಷ್ಯ ಅಂತ ನಂಬಿ ಬಂದವನು.

ಈಗ ನಮ್ಮ ಮನೆಯ ಕಥೆ. ತಿಪಟೂರಿನ ಹತ್ತಿರ ನಮ್ಮ ಹಳ್ಳಿ. ಅಪ್ಪ ತೀರಿಹೋದ ಮೇಲೆ ಅಮ್ಮ ಒಬ್ಬರೇ ಇದ್ದರು. ಮದ್ರಾಸಿಗೆ ಬಾ ಅಂದರೆ ‘ಆ ಸೆಖೆಗೆ ನಾನು ಬರಲ್ಲಪ್ಪ’. ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. 1988ರ ಬೇಸಿಗೆಯಲ್ಲಿ ಬಂದ ಒಂದು ಕಾಗದದ ಸಾಲುಗಳು ನನಗೆ ಇವತ್ತಿಗೂ ಬಾಯಿಪಾಠ. ‘ನಾನು ಆರಾಮಾಗಿ ಕೂತಿದ್ದೇನೆ. ಕೆಲಸಕ್ಕೆ ಒಬ್ಬಳು ಬರ್ತಾಳೆ. ಈ ವರ್ಷ ಹಪ್ಪಳ ಸಂಡಿಗೆ ಮಾಡಲಿಲ್ಲ, ಯಾರು ತಿನ್ನೋರು. ನೀವು ಹಬ್ಬಕ್ಕೆ ಬಂದ್ರೆ ಸಾಕು, ಈಗ ಓಡಿ ಬರಬೇಡಿ.’

ನಾನು ಓದಿ ಟೇಬಲಿನ ಮೇಲಿಟ್ಟೆ. ನನ್ನಾಕೆ ಎತ್ತಿಕೊಂಡು ಓದಿ, ತಿರುಗಿಸಿ ನೋಡಿ, ‘ರೀ, ಅತ್ತೆ ಯಾಕೆ ತಾವೇ ಬರೆದಿಲ್ಲ? ಇದು ಎದುರುಮನೆ ಹುಡುಗಿ ಅಕ್ಷರ’ ಅಂದಳು. ಆ ರಾತ್ರಿಯೇ ಬೆಂಗಳೂರಿನ ರೈಲು ಹತ್ತಿದೆವು, ಅಲ್ಲಿಂದ ತಿಪಟೂರಿಗೆ. ಹೋಗಿ ನೋಡಿದರೆ ಅಮ್ಮನ ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಬಚ್ಚಲಲ್ಲಿ ಜಾರಿ ಬಿದ್ದು ಹನ್ನೆರಡು ದಿನ ಆಗಿತ್ತು.

‘ಇಷ್ಟೆಲ್ಲ ಆಗಿದೆ, ಸುಳ್ಳು ಬರೆಸಿದ್ದೀಯಲ್ಲಮ್ಮ’ ಅಂದೆ.

‘ಸುಳ್ಳು ಎಲ್ಲಿದೆ ತೋರಿಸು ನೋಡೋಣ. ಆರಾಮಾಗಿ ಕೂತಿದ್ದೆ ತಾನೆ? ಕೆಲಸದವಳು ಬರ್ತಿದಾಳೆ ತಾನೆ?’ ಅಂತ ಅಮ್ಮ ನಕ್ಕರು. ಗೆದ್ದ ನಗು. ಆಗ ನನ್ನಾಕೆ, ‘ಓಡಿ ಬರಬೇಡಿ ಅಂತ ಬರೆಸಿದ್ರಲ್ಲ, ಅದೇ ನಮಗೆ ಬನ್ನಿ ಅಂತ ಕೇಳಿಸಿತು ಅತ್ತೆ’ ಅಂದಳು. ಅಮ್ಮನ ನಗು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ‘ಸೋಮವಾರವೇ ಬರ್ತೀರಿ ಅಂದ್ಕೊಂಡಿದ್ದೆ’ ಅಂದರು. ನಾವು ಹೋಗಿದ್ದು ಗುರುವಾರ. ಕಾಗದ ಕೈಸೇರಿದ್ದೇ ಬುಧವಾರ.

ಇನ್ನೊಂದು ಕಥೆ ಇಪ್ಪತ್ತು ವರ್ಷ ಆಮೇಲಿನದು, ಚೆನ್ನೈಯ ನಮ್ಮ ಶಾಖೆಯಲ್ಲಿ ನಡೆದದ್ದು. ಮಗನ ಮನೆಯಲ್ಲಿ ಇದ್ದ, ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರು 2008ರಲ್ಲಿ ಒಂದು ನೋಟೀಸು ಹಿಡಿದುಕೊಂಡು ಬಂದರು. ‘ಸ್ವಾಮಿ, ನಾನು ಇಟ್ಟ ಠೇವಣಿಗೆ ಮತ್ತೆ ನಾನೇ ದುಡ್ಡು ಕಟ್ಟಬೇಕಂತೆ. ಇದೆಂಥಾ ಪದ್ಧತಿ?’ ಅಂದರು. ಅದು ಠೇವಣಿಯೇ ಅಲ್ಲ. ಷೇರು ಮಾರುಕಟ್ಟೆಗೆ ಗಂಟು ಹಾಕಿದ ವಿಮಾ ಪಾಲಿಸಿ, ಯುಲಿಪ್ ಅನ್ನುವುದು. ವರ್ಷ ವರ್ಷ ಕಂತು ಕಟ್ಟಬೇಕು. ಒಂದೇ ಸಲ ಇಡುವ ಹಣ ಅಂತ ತಿಳಿದು ಮೇಷ್ಟ್ರು ನಿವೃತ್ತಿಯಲ್ಲಿ ಬಂದ ಮೂರು ಲಕ್ಷವನ್ನೂ ಅದಕ್ಕೇ ಕೊಟ್ಟಿದ್ದರು. ಮಾರಿದ ಹುಡುಗನನ್ನು ಕರೆಸಿ ಕೇಳಿದೆ. ಕೆಟ್ಟವನಲ್ಲ, ತಿಂಗಳ ಟಾರ್ಗೆಟ್ಟಿನ ಕತ್ತಿಯ ಕೆಳಗೆ ಕೂತವನು. ‘ಮೂರು ವರ್ಷ ಆದ ಮೇಲೆ ತೆಗೀಬಹುದು ಅಂತ ಹೇಳಿದ್ದೆ ಸಾರ್, ಅದು ನಿಜ. ಕಂತಿನ ವಿಷಯ ಫಾರಮ್ಮಿನಲ್ಲೇ ಇದೆ. ಪ್ರತಿ ಪುಟದಲ್ಲೂ ಅವರ ಸಹಿ ಇದೆ. ಸುಳ್ಳು ಎಲ್ಲಿದೆ ತೋರಿಸಿ’ ಅಂದ.

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಅದೇ ವಾಕ್ಯ. ಒಂದು ಸಲ ಅಮ್ಮನ ಬಾಯಲ್ಲಿ, ಇನ್ನೊಂದು ಸಲ ಇವನ ಬಾಯಲ್ಲಿ. ಅಮ್ಮನ ಮಾತಿಗೆ ಕಣ್ಣು ತುಂಬಿ ಬಂದಿತ್ತು, ಇವನ ಮಾತಿಗೆ ಹೊಟ್ಟೆ ಉರಿಯಿತು. ನಾನೇ ಕೂತು ಮೇಷ್ಟ್ರಿಗೆ ದೂರಿನ ಅರ್ಜಿ ಬರೆದುಕೊಟ್ಟೆ. ಅಲೆದಾಡಿ ಅಲೆದಾಡಿ ಹಣದ ಒಂದು ಭಾಗ ವಾಪಸ್ಸು ಬಂತು, ಪೂರ್ತಿ ಬರಲಿಲ್ಲ. ಇಂಥ ಪಾಲಿಸಿಗಳ ಬಗ್ಗೆ ದೇಶದ ತುಂಬ ಗಲಾಟೆ ಎದ್ದು, ವಿಮಾ ನಿಯಂತ್ರಣ ಪ್ರಾಧಿಕಾರ 2010ರ ಸೆಪ್ಟೆಂಬರಿನಿಂದ ನಿಯಮ ಬಿಗಿ ಮಾಡಿತು. ಹಣ ತೆಗೆಯಲಾಗದ ಅವಧಿ ಮೂರು ವರ್ಷ ಇದ್ದದ್ದು ಐದಾಯಿತು, ಖರ್ಚು ಕಳೆಯುವುದಕ್ಕೂ ಮಿತಿ ಬಂತು. ಮೇಷ್ಟ್ರಿಗೆ ಅದರಿಂದ ಏನೂ ಆಗಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮಾತು ನಿಜವೋ ಅಲ್ಲವೋ ಅನ್ನುವ ಒಂದೇ ತಕ್ಕಡಿಯಲ್ಲಿ ತೂಗಿದರೆ ಪದಬಂಧಗಾರ, ಧರ್ಮರಾಯ, ಅಮ್ಮ, ಆ ಹುಡುಗ ನಾಲ್ವರೂ ಒಂದೇ ತೂಕ. ನಾಲ್ವರೂ ನಿಜವನ್ನೇ ಹೇಳಿ ತಪ್ಪು ತಿಳಿಯುವಂತೆ ಮಾಡಿದವರು. ಅಂದರೆ ತಕ್ಕಡಿಯೇ ಸಾಲದು. ಚೌಕದ ಮುಂದೆ ಕೂತು ನಾನು ಕಂಡುಕೊಂಡ ಪರೀಕ್ಷೆ ಬೇರೆ. ಪತ್ರಿಕೆಯಲ್ಲಿ ಮರುದಿನ ಉತ್ತರ ಬರುತ್ತದಲ್ಲ, ಆ ಮರುದಿನದ ಪರೀಕ್ಷೆ. ಉತ್ತರ ಬಯಲಾದ ದಿನ ಕೇಳಿದವನ ಮುಖ ಹೇಗಾಗುತ್ತದೆ? ನಕ್ಕು ಹಣೆ ಬಡಿದುಕೊಂಡರೆ ಅದು ಸುಳಿವು. ಮುಖ ಬಿಳುಚಿಕೊಂಡರೆ ಅದು ಸುಳ್ಳು, ಶಬ್ದ ಏನೇ ಇರಲಿ. ಮರುದಿನ ಕಣ್ಣಿಗೆ ಕಣ್ಣು ಕೊಟ್ಟು ಉತ್ತರ ಹೇಳಲು ಸಿದ್ಧನಿರುವವನು ಮಾತ್ರ ಇವತ್ತು ಒಗಟು ಹಾಕಬಹುದು.

ಇಷ್ಟಕ್ಕೇ ಬಿಟ್ಟರೆ ಅಮ್ಮನ ಲೆಕ್ಕ ಕೂಡುವುದಿಲ್ಲ. ನಮ್ಮ ಮುಖವೂ ಅವತ್ತು ಬಿಳುಚಿಕೊಂಡಿತ್ತು. ಅದಕ್ಕೆ ಬ್ಯಾಂಕಿನವನ ಬುದ್ಧಿಯಿಂದ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಬಡ್ಡಿ ಯಾರು ಕಟ್ಟಿದರು? ಮೇಷ್ಟ್ರ ವಿಷಯದಲ್ಲಿ ಮರೆಮಾಚಿದವನಿಗೆ ಕಮಿಷನ್ನು, ನಂಬಿದವನಿಗೆ ನಷ್ಟ. ಅಮ್ಮನ ವಿಷಯದಲ್ಲಿ ಮರೆಮಾಚಿದವಳೇ ಹನ್ನೆರಡು ರಾತ್ರಿ ನೋವು ತಿಂದಳು. ನಮಗೆ ರಜೆ ಉಳಿಯಲಿ, ರೈಲಿನ ದುಡ್ಡು ಉಳಿಯಲಿ ಅಂತ. ಹಾಗಾಗಿ ಅದನ್ನು ಮೋಸ ಅನ್ನಲು ನಾಲಿಗೆ ಬರುವುದಿಲ್ಲ.

ಆದರೂ ಅದು ಪೂರ್ತಿ ಸರಿ ಅಂತಲೂ ನಾನು ಹೇಳಲಾರೆ. ಯಾಕೆಂದರೆ ಆ ಲೆಕ್ಕದಲ್ಲಿ ನಮ್ಮ ಕಡೆಯಿಂದಲೂ ಒಂದು ಹೋಯಿತು. ಹನ್ನೆರಡು ದಿನ ಅಮ್ಮನಿಗೆ ಅನ್ನ ಕಲಸಿ ಕೊಡುವ ಅವಕಾಶ. ಅದನ್ನು ಬೇಡವೆನ್ನುವ ಹಕ್ಕು ನಮ್ಮದಾಗಿತ್ತು, ಅಮ್ಮ ನಮ್ಮನ್ನು ಕೇಳದೆ ತಾವೇ ಬೇಡವೆಂದರು. ಪ್ರೀತಿಯಿಂದ ಮಾಡಿದರೂ ಇನ್ನೊಬ್ಬರ ನಿರ್ಧಾರವನ್ನು ನಾವೇ ಮಾಡಿದಂತೆ ಆಗುತ್ತದೆ. ಅಮ್ಮನ ಕಾಗದವನ್ನು ಉಳಿಸಿದ್ದು ಏನೆಂದರೆ, ಬಿಡಿಸಲು ಬೇಕಾದದ್ದು ಅದರಲ್ಲೇ ಇತ್ತು. ಎದುರುಮನೆ ಹುಡುಗಿಯ ಅಕ್ಷರ ನಮಗೆ ಗೊತ್ತೆಂದು ಅಮ್ಮನಿಗೂ ಗೊತ್ತಿತ್ತು. ಸೋಮವಾರದಿಂದ ಬಾಗಿಲು ನೋಡುತ್ತಾ ಕೂತಿದ್ದರು ಅಂದರೆ ಬಿಡಿಸಲಿ ಎಂದೇ ಹಾಕಿದ ಒಗಟು ಅದು.

ಇಲ್ಲೊಂದು ಎಚ್ಚರಿಕೆಯ ಮಾತೂ ಹೇಳಬೇಕು. ಬಿಡಿಸುವ ಚಟ ಹತ್ತಿದವನಿಗೆ ಎಲ್ಲ ಕಡೆಯೂ ಸುಳಿವೇ ಕಾಣತೊಡಗುತ್ತದೆ. 1944ರ ಮೇ, ಜೂನ್ ತಿಂಗಳಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪದಬಂಧಗಳ ಉತ್ತರವಾಗಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್‌ಬೆರಿ, ನೆಪ್ಚೂನ್ ಎಂಬ ಪದಗಳು ಒಂದರ ಹಿಂದೆ ಒಂದು ಬಂದವು. ಅವೆಲ್ಲ ಜೂನ್ 6ರಂದು ನಾರ್ಮಂಡಿಯ ಕರಾವಳಿಗೆ ಮಿತ್ರರಾಷ್ಟ್ರಗಳ ಸೈನ್ಯ ಇಳಿಸುವ ಯೋಜನೆಯ ಗುಪ್ತ ಹೆಸರುಗಳು! ಬೇಹುಗಾರಿಕೆ ಇಲಾಖೆಯವರು ಹೋಗಿ ಪದಬಂಧ ಕಟ್ಟುತ್ತಿದ್ದ ಲಿಯೊನಾರ್ಡ್ ಡಾ ಎಂಬ ಹೆಡ್‌ಮಾಸ್ಟರನ್ನು ವಿಚಾರಣೆ ಮಾಡಿದರು. ಅವರು ಗೂಢಚಾರರೇನೂ ಆಗಿರಲಿಲ್ಲ. ಅವರು ಚೌಕ ತುಂಬಲು ಹುಡುಗರಿಂದ ಪದ ಕೇಳುತ್ತಿದ್ದರು, ಆ ಪದಗಳು ನಮಗೆ ಹತ್ತಿರದ ಸೈನಿಕರಿಂದ ಕಿವಿಗೆ ಬಿದ್ದಿದ್ದವು ಅಂತ ಅವರ ಹಳೆಯ ವಿದ್ಯಾರ್ಥಿಯೊಬ್ಬ 1984ರಲ್ಲಿ ಹೇಳಿದ.

ಊರು ಬಿಟ್ಟವರ ಬದುಕಿನಲ್ಲಿ ಇದು ದಿನನಿತ್ಯದ್ದು. ಒಂದು ಸಲ ಹೀಗೆ ಆದ ಮೇಲೆ ಊರಿನಿಂದ ಬಂದ ಯಾವ ಮಾತನ್ನೂ ನೇರವಾಗಿ ಕೇಳಲು ಆಗುವುದಿಲ್ಲ. ‘ಎಲ್ಲಾ ಕ್ಷೇಮ’ ಅಂದರೆ ಎದೆ ಹೊಡೆದುಕೊಳ್ಳುತ್ತದೆ. ‘ಸುಮ್ಮನೆ ಫೋನ್ ಮಾಡಿದೆ’ ಅಂದರೆ ಯಾರಿಗೆ ಏನಾಯಿತೋ ಅನ್ನಿಸುತ್ತದೆ. ಅಮ್ಮ ನಿಜವಾಗಿಯೂ ಆರಾಮಾಗಿ ಕೂತಿದ್ದ ಎಷ್ಟೋ ದಿನ ನಾವು ಇಲ್ಲಿ ಹೆದರಿ ಕೂತಿದ್ದೇವೆ. ಪ್ರೀತಿಯ ಸುಳಿವಿಗೂ ಇಷ್ಟು ಬೆಲೆ ಇದೆ. ನಿಜ ಹೇಳಿದ ದಿನವೂ ನಂಬುವವರು ಇರುವುದಿಲ್ಲ.

ಆದ್ದರಿಂದ ನಾನು, ನನ್ನಾಕೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಈಗ ನಾವು ಅಮ್ಮನ ಜಾಗದಲ್ಲಿದ್ದೇವೆ. ನಾವು ಚೆನ್ನೈಯಲ್ಲಿ, ಮಗಳು ಪುಣೆಯಲ್ಲಿ. ಗೂಢ ಸುಳಿವು ಪತ್ರಿಕೆಗೆ, ನೇರ ಸುಳಿವು ಫೋನಿಗೆ. ‘ಮಂಡಿ ನೋವಿದೆ, ಡಾಕ್ಟರಿಗೆ ತೋರಿಸಿದ್ದೀನಿ, ಎರಡು ವಾರ ಮಾತ್ರೆ. ನೀನು ಬರೋ ಅಗತ್ಯ ಇಲ್ಲ. ಅಗತ್ಯ ಬಿದ್ದ ದಿನ ಬಾ ಅಂತಲೇ ಹೇಳ್ತೀನಿ’ ಅಂತ ಅವಳಿಗೆ ಹೇಳುತ್ತೇನೆ. ಬರುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ಮೊದಮೊದಲು ಅವಳು ನಂಬಲಿಲ್ಲ, ಅಮ್ಮನಿಗೆ ಬೇರೆ ಫೋನ್ ಮಾಡಿ ತಾಳೆ ನೋಡುತ್ತಿದ್ದಳು. ಈಗ ನಂಬುತ್ತಾಳೆ.

ಊರಿನಲ್ಲಿದ್ದು ಇದನ್ನು ಓದುತ್ತಿರುವ ಹಿರಿಯರೇ, ನಿಮ್ಮ ಮಕ್ಕಳೂ ಮುಂಬಯಿಯಲ್ಲೋ ದೆಹಲಿಯಲ್ಲೋ ಹೈದರಾಬಾದಿನಲ್ಲೋ ಇರಬಹುದು. ‘ಪರದೇಶಿಯ ಕೊನೆಯಲ್ಲಿ ಉಳಿಯುವ ನಮ್ಮ ನೆಲದವನು (2)’ ಅಂತ ನಾನೊಂದು ಸುಳಿವು ಕಟ್ಟಿದ್ದೆ. ಉತ್ತರ: ದೇಶಿ. ಎಷ್ಟು ದೂರ ಹೋದರೂ ನಿಮ್ಮ ಮಕ್ಕಳಲ್ಲಿ ಆ ಎರಡು ಅಕ್ಷರ ಉಳಿದಿರುತ್ತದೆ. ಅವರಿಗೆ ಕಷ್ಟ ಕೊಡಬಾರದು ಅಂತ ನೀವು ಹೇಳುವ ಅರ್ಧ ನಿಜವನ್ನು ಅವರು ರಾತ್ರಿಯೆಲ್ಲ ಎದ್ದು ಕೂತು ಬಿಡಿಸುತ್ತಿರುತ್ತಾರೆ. ಎಲ್ಲರ ಮನೆಯಲ್ಲೂ ಅಕ್ಷರದ ಗುರುತು ಹಿಡಿಯುವ ಸೊಸೆ ಇರುವುದಿಲ್ಲ, ಈಗ ಕೈಬರಹದ ಕಾಗದವೂ ಬರುವುದಿಲ್ಲ. ಬಾ ಅಂತ ಅನ್ನಿಸಿದ ದಿನ ಬಾ ಅಂತಲೇ ಹೇಳಿಬಿಡಿ. ಅದಕ್ಕೆ ಒಂದೇ ಮನೆ ಸಾಕು.